ಗುರಿ ತಾನೇ ಹುಡುಕಿ ಕೊಲ್ಲುವ ಆಯುಧಗಳನ್ನು ನಿಷೇಧಿಸಬೇಕೇ?

ಪರ: ಕೇಳಿದರೆ ಉತ್ತರ ಹೇಳೋಕೆ ಒಬ್ಬರು ಬೇಕು

ಮೊದಲೇ ಹೇಳಿಬಿಡುತ್ತೇನೆ. ನಿಷೇಧದ ಪರ ಬರೆದುಕೊಡಿ ಅಂತ ಕೇಳಿದಾಗ ಎರಡು ದಿನ ಸುಮ್ನೆ ಇದ್ದೆ. ಇಂಥ ಆಯುಧಗಳು ಪೂರ್ತಿ ನಿಲ್ಲುತ್ತವೆ ಅಂತ ನನಗೆ ಅಷ್ಟೇನೂ ನಂಬಿಕೆ ಇಲ್ಲ. ಆದರೆ ಇರಲಿ ಬಿಡಿ ಅನ್ನುವ ಕಡೆ ನಿಲ್ಲೋಕೂ ಮನಸ್ಸು ಬರಲಿಲ್ಲ. ಹಾಗಾಗಿ ಇಲ್ಲಿದ್ದೇನೆ.

ಮಾತು ಎಲ್ಲ ಡ್ರೋನ್‌ಗಳದ್ದಲ್ಲ. ದೂರದಲ್ಲಿ ಕೂತು ಪರದೆ ನೋಡುತ್ತಾ ಗುಂಡಿ ಒತ್ತುವವನು ಇದ್ದಾನಲ್ಲ, ಅವನು ಒಳ್ಳೆಯವನೋ ಕೆಟ್ಟವನೋ, ಮನುಷ್ಯನಂತೂ ಹೌದು. ನಾನು ಹೇಳುತ್ತಿರುವುದು ಒಮ್ಮೆ ಹಾರಿಬಿಟ್ಟ ಮೇಲೆ ತಾನೇ ಹುಡುಕಿ, ಇವನೇ ಅಂತ ತಾನೇ ತೀರ್ಮಾನಿಸಿ, ತಾನೇ ಕೊಲ್ಲುವ ಯಂತ್ರದ ಬಗ್ಗೆ.

ಇದು ತೀರಾ ಹೊಸದೂ ಅಲ್ಲ. ನೆಲಬಾಂಬ್ ಮಾಡುವುದೂ ಇದನ್ನೇ ಅಲ್ವಾ? ಹೂತಿಟ್ಟವನು ಮನೆ ಸೇರಿರುತ್ತಾನೆ, ಯುದ್ಧ ಮುಗಿದು ವರ್ಷಗಳೇ ಆಗಿರುತ್ತವೆ, ಆದರೂ ಮೇಲೆ ಭಾರ ಬಿದ್ದರೆ ಅದು ಸಿಡಿಯುತ್ತದೆ. ಕಾಲು ಸೈನಿಕನದ್ದೋ ಮೇಕೆ ಅಟ್ಟಿಕೊಂಡು ಬಂದ ಹುಡುಗನದ್ದೋ ಅಂತ ಕೇಳುವುದಿಲ್ಲ. ಆ ಹುಡುಗನ ಅಮ್ಮ ಯಾರ ಮನೆ ಬಾಗಿಲಿಗೆ ಹೋಗಬೇಕು? ಇಂಥ ಪ್ರಶ್ನೆಗಳಿಂದಲೇ 1997ರಲ್ಲಿ ಒಟ್ಟಾವಾ ಒಪ್ಪಂದ ಆಯಿತು. ಬರುಬರುತ್ತಾ 160ಕ್ಕೂ ಹೆಚ್ಚು ದೇಶಗಳು ನೆಲಬಾಂಬ್ ಬೇಡ ಎಂದವು. ಅದಕ್ಕೂ ಎರಡು ವರ್ಷ ಮೊದಲು, 1995ರಲ್ಲಿ, ಸೈನಿಕರ ಕಣ್ಣನ್ನು ಶಾಶ್ವತವಾಗಿ ಕುರುಡು ಮಾಡುವ ಲೇಸರ್ ಆಯುಧಗಳನ್ನು ರಣರಂಗಕ್ಕೆ ಬರುವ ಮೊದಲೇ ನಿಷೇಧಿಸಿದರು. ಅಂದರೆ ಹೆಣ ಎಣಿಸಿಯೇ ಬುದ್ಧಿ ಕಲಿಯಬೇಕು ಅಂತೇನಿಲ್ಲ.

ಯಂತ್ರಕ್ಕೆ ಸಿಟ್ಟಿಲ್ಲ, ದಣಿವಿಲ್ಲ, ಸೇಡಿಲ್ಲ ಎಂದು ಎದುರು ಕಡೆಯವರು ಹೇಳುತ್ತಾರೆ. ಸೀಲಿಂಗ್ ಫ್ಯಾನಿಗೂ ಇಲ್ಲ. ಹಾಗಂತ ಅದನ್ನು ನ್ಯಾಯಾಧೀಶರ ಕುರ್ಚಿಯಲ್ಲಿ ಕೂರಿಸುತ್ತೇವಾ?

2003ರ ಮಾರ್ಚ್, ಇರಾಕ್ ಯುದ್ಧ. ಕೆಲಸ ಮುಗಿಸಿ ವಾಪಸ್ ಬರುತ್ತಿದ್ದ ಬ್ರಿಟನ್ನಿನ ಟೊರ್ನಾಡೊ ವಿಮಾನವನ್ನು ನುಗ್ಗಿ ಬರುವ ಕ್ಷಿಪಣಿಗಳನ್ನು ಹೊಡೆದುರುಳಿಸುವ ಅಮೆರಿಕದ ಪೇಟ್ರಿಯಾಟ್ ವ್ಯವಸ್ಥೆ ಶತ್ರುವಿನ ಕ್ಷಿಪಣಿ ಎಂದುಕೊಂಡಿತು. ಅದರ ಮುಂದೆ ಕೂತಿದ್ದವರು ಪರದೆ ಹೇಳಿದ್ದನ್ನು ನಂಬಿದರು. ವಿಮಾನದೊಳಗಿದ್ದ ಇಬ್ಬರೂ ಸತ್ತರು, ಅದೂ ತಮ್ಮ ಕಡೆಯವರದೇ ಏಟಿಗೆ. ಅದಕ್ಕೆ 20 ವರ್ಷ ಮೊದಲು, 1983ರ ಸೆಪ್ಟೆಂಬರ್ 26ರಂದು, ಸೋವಿಯತ್ ಉಪಗ್ರಹ ವ್ಯವಸ್ಥೆ ಅಮೆರಿಕದಿಂದ ಐದು ಕ್ಷಿಪಣಿ ಹೊರಟಿವೆ ಎಂದು ಕೂಗಿಕೊಂಡಾಗ ಪಾಳಿಯಲ್ಲಿದ್ದ ಸೇನಾಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ನಂಬಲಿಲ್ಲ. ಯುದ್ಧ ಶುರು ಮಾಡುವವರು ಬರೀ ಐದು ಕಳಿಸ್ತಾರಾ ಅಂತ ಅವರಿಗೆ ಅನಿಸಿತು. ಸುಳ್ಳು ಎಚ್ಚರಿಕೆ ಎಂದೇ ಮೇಲಿನವರಿಗೆ ತಿಳಿಸಿದರು. ಆಮೇಲೆ ಗೊತ್ತಾಯಿತು, ಮೋಡದ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿ ಎಂದುಕೊಂಡಿತ್ತು. ಈ 'ಯಾಕೋ ಸರಿಯಿಲ್ಲ' ಅನ್ನುವ ಅನುಮಾನವನ್ನು ಯಾವ ಯಂತ್ರಕ್ಕೆ ಹಾಕಿಕೊಡುತ್ತೀರಿ?

ನನ್ನದು ಮತ್ತೆ ಅದೇ ಹಳೇ ಪ್ರಶ್ನೆ. ತಪ್ಪಾದರೆ ಉತ್ತರ ಕೊಡೋರು ಯಾರು? ಪ್ರೋಗ್ರಾಂ ಬರೆದವನೋ, ಮಾರಿದ ಕಂಪನಿಯೋ, ಆಕಾಶಕ್ಕೆ ಬಿಟ್ಟ ಕ್ಯಾಪ್ಟನ್ನೋ? ಒಬ್ಬರ ಮೇಲೊಬ್ಬರು ಬೆರಳು ತೋರಿಸಿ ಕೊನೆಗೆ 'ಸಿಸ್ಟಂ ಹಾಗೆ ಹೇಳಿತು' ಅನ್ನುತ್ತಾರೆ.

2023ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಇಂಥ ಆಯುಧಗಳ ಬಗ್ಗೆ ತುರ್ತಾಗಿ ಏನಾದರೂ ಮಾಡಬೇಕು ಎಂಬ ನಿರ್ಣಯಕ್ಕೆ 152 ದೇಶಗಳು ಹೂಂ ಎಂದವು, 4 ಬೇಡ ಎಂದವು. ಬೇಡ ಎಂದವರಲ್ಲಿ ರಷ್ಯಾ ಇತ್ತು, ಭಾರತವೂ ಇತ್ತು. ಅದಕ್ಕೆ ಅವರದೇ ಕಾರಣಗಳಿರಬಹುದು, ಎದುರು ಕಡೆಯವರು ಹೇಳಲಿ.

ವಿರೋಧ: ಮನುಷ್ಯನ ಬೆರಳನ್ನು ನಾನು ನಂಬುವುದಿಲ್ಲ, ನನ್ನದನ್ನೂ

ಯಾವ ದೇಶ ಯಾಕೆ ಬೇಡ ಅಂದಿತು ಅಂತ ಆ ದೇಶದವರನ್ನೇ ಕೇಳಿ. ನಾನು ಸಮವಸ್ತ್ರ ಹಾಕಿಕೊಂಡು ಬಂದೂಕು ಹಿಡಿದವನು, ರಾಯಭಾರಿಯಲ್ಲ. ಮೇಲಿನ ಲೇಖನ ಬರೆದವರು ರಾತ್ರಿ ಕಾವಲು ನಿಂತಿಲ್ಲ ಅಂತ ಮೊದಲ ಸಾಲಿಗೇ ಗೊತ್ತಾಗುತ್ತದೆ. ಪೆಟ್ರೋವ್ ಕಥೆ ಚೆನ್ನಾಗಿದೆ, ಎಲ್ಲರೂ ಅದನ್ನೇ ಹೇಳುತ್ತಾರೆ. ನಾನು ಇನ್ನೊಂದು ಹೇಳುತ್ತೇನೆ.

1988ರ ಜುಲೈ 3. ಪರ್ಷಿಯನ್ ಕೊಲ್ಲಿಯಲ್ಲಿದ್ದ ಅಮೆರಿಕದ ವಿನ್ಸೆನ್ಸ್ ಯುದ್ಧನೌಕೆ ಇರಾನಿನ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿತು. 290 ಜನ ಸತ್ತರು. ವಿಮಾನ ಮೇಲೇರುತ್ತಿದೆ ಎಂದು ಹಡಗಿನ ಕಂಪ್ಯೂಟರ್ ಸರಿಯಾಗಿಯೇ ದಾಖಲಿಸಿತ್ತು. ಗಾಬರಿಯಲ್ಲಿದ್ದ ಮನುಷ್ಯರು ಅದು ನಮ್ಮ ಮೇಲೆಯೇ ಇಳಿದು ಬರುತ್ತಿದೆ ಎಂದುಕೊಂಡರು. ಯಂತ್ರದ ಮಾತು ಕೇಳಿದ್ದರೆ ಅಷ್ಟೂ ಜನ ಉಳಿಯುತ್ತಿದ್ದರೇನೋ.

ಉತ್ತರ ಹೇಳೋರು ಯಾರು ಅಂತ ಕೇಳಿದ್ದಾರೆ. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಒಂದು ಬಿಳಿ ಕಾರಿನ ಮೇಲೆ ಅಮೆರಿಕದ ಡ್ರೋನ್ ದಾಳಿ ಆಯಿತು. 10 ಮಂದಿ ಸತ್ತರು, ಅವರಲ್ಲಿ 7 ಮಕ್ಕಳು. ಉಗ್ರರು ಅಂದುಕೊಂಡು ಹೊಡೆದದ್ದು, ಒಬ್ಬನೂ ಉಗ್ರನಲ್ಲ. ಗಂಟೆಗಟ್ಟಲೆ ನೋಡಿ, ಯೋಚಿಸಿ, ತೀರ್ಮಾನಿಸಿದ್ದು ಮನುಷ್ಯರೇ. ತಪ್ಪಾಯಿತು ಎಂದು ಒಪ್ಪಿಕೊಂಡರು, ಯಾರ ಮೇಲೂ ಶಿಸ್ತುಕ್ರಮ ಆಗಲಿಲ್ಲ. ಇದೇನಾ ನೀವು ಹೇಳುವ ಹೊಣೆ?

ಇನ್ನು ನಿಷೇಧದ ಕಾಗದ. ಅವರು ಹೆಮ್ಮೆಯಿಂದ ಹೇಳಿದ ಆ ನೆಲಬಾಂಬ್ ಒಪ್ಪಂದದಿಂದ ಹೊರಬರಲು 2025ರಲ್ಲಿ ಫಿನ್ಲೆಂಡ್, ಪೋಲೆಂಡ್, ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ತೀರ್ಮಾನಿಸಿದವು. ಎಲ್ಲವೂ ರಷ್ಯಾದ ಗಡಿಗೆ ಅಂಟಿಕೊಂಡವು. ಬೇಲಿ ಆಚೆ ಸದ್ದು ಕೇಳುವವರೆಗೆ ಮಾತ್ರ ಕಾಗದ. ಅದೂ ನೆಲಬಾಂಬ್ ಕಣ್ಣಿಗೆ ಕಾಣುವ ವಸ್ತು, ಎಣಿಸಬಹುದು. ಮನುಷ್ಯ ನಡೆಸುವ ಡ್ರೋನಿಗೂ ತಾನೇ ನಡೆಯುವ ಡ್ರೋನಿಗೂ ಇರುವ ವ್ಯತ್ಯಾಸ ಒಂದು ಸಾಫ್ಟ್‌ವೇರ್. ಯಾವ ತನಿಖಾಧಿಕಾರಿ ಬಿಚ್ಚಿ ನೋಡುತ್ತಾನೆ? ಉಕ್ರೇನಿನಲ್ಲಿ ಎರಡೂ ಕಡೆಯವರು ಎದುರಾಳಿಯ ಸಿಗ್ನಲ್ ಜಾಮ್ ಮಾಡುತ್ತಾರೆ. ಸಂಪರ್ಕ ಕಡಿದರೆ ಡ್ರೋನ್ ಕುರುಡು. ಕೊನೆಯ ಅಷ್ಟು ದೂರ ಅದೇ ಗುರಿ ಹಿಡಿದು ಹೋಗಲಿ ಅಂತ ಯಾರಿಗೆ ಅನಿಸುವುದಿಲ್ಲ? ಹಡಗುಗಳ ಮೇಲಿರುವ ಫ್ಯಾಲಾಂಕ್ಸ್ ಬಂದೂಕು 1980ರ ದಶಕದಿಂದಲೂ ನುಗ್ಗಿ ಬರುವ ಕ್ಷಿಪಣಿಯನ್ನು ತಾನೇ ಗುರುತಿಸಿ ಹೊಡೆಯಬಲ್ಲದು. ಇರುವುದು ಕೆಲವೇ ಸೆಕೆಂಡು, ಮನುಷ್ಯ ಅಷ್ಟರಲ್ಲಿ ಕುರ್ಚಿ ಬಿಟ್ಟು ಏಳಲೂ ಆಗುವುದಿಲ್ಲ.

ಇದೆಲ್ಲ ಓದಿ ತಿಳಿದದ್ದು. ನಾನು ಈ ಕಡೆ ನಿಂತಿರುವುದಕ್ಕೆ ಕಾರಣ ಬೇರೆ.

ಆಗ ನನಗೆ ಇಪ್ಪತ್ತೆರಡು. ಸತತ ಮೂರನೇ ರಾತ್ರಿಯ ಪಹರೆ, ಹಗಲು ನಿದ್ದೆ ಸಿಕ್ಕಿದ್ದು ಎರಡೋ ಮೂರೋ ಗಂಟೆ. ಜಡಿಮಳೆ. ಮರಳುಮೂಟೆಗಳ ಹಿಂದೆ ಮಂಡಿಯೂರಿ ಕೂತಿದ್ದೆ, ಕಣ್ಣು ತೆರೆದೇ ಕನಸು ಬೀಳುತ್ತಿತ್ತು. ಮುಂದಿದ್ದ ಪೊದೆ ಒಮ್ಮೆ ಹಂದಿಯಂತೆ ಕಾಣೋದು, ಒಮ್ಮೆ ಮನುಷ್ಯನಂತೆ. ಆ ಸಂಜೆಯಷ್ಟೇ ಪಕ್ಕದ ಠಾಣ್ಯದ ಮೇಲೆ ಗುಂಡು ಬಿದ್ದಿದೆ ಅಂತ ಸುದ್ದಿ ಬಂದಿತ್ತು. ಪೊದೆಯ ಪಕ್ಕದಿಂದ ಒಂದು ಆಕಾರ ಎದ್ದಿತು. ಯಾರದು ಅಂದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ನನ್ನ ಪ್ರಕಾರ ಜೋರಾಗಿಯೇ ಕೂಗಿದೆ, ಮಳೆಗೆ ಕೇಳಿಸಿತೋ ಇಲ್ಲವೋ. ಅದು ನನ್ನ ಕಡೆಗೇ ಬರುತ್ತಿತ್ತು. ಸೇಫ್ಟಿ ತೆಗೆದೆ. ಬೆರಳು ಟ್ರಿಗರ್ ಮೇಲೆ, ಅರ್ಧ ಒತ್ತಿಯೂ ಆಗಿತ್ತು.

ಆಗ ಟಿಣ್ ಅಂತ ಸದ್ದಾಯಿತು. ತಗಡಿನ ಮಗ್ ಕಲ್ಲಿಗೆ ತಾಗಿದ ಸದ್ದು. ಬೇಲಿ ಹತ್ತಿರದ ಪೀಪಾಯಿಯಿಂದ ನೀರು ತರಲು ಹೋಗಿದ್ದ ನಮ್ಮವನೇ. ಚಳಿಗೆ ಕಿವಿ ಮುಚ್ಚಿ ಬಟ್ಟೆ ಸುತ್ತಿಕೊಂಡಿದ್ದ, ನನ್ನ ಕೂಗು ಅವನಿಗೆ ತಲುಪಿರಲಿಲ್ಲ.

ಮನುಷ್ಯನ ವಿವೇಚನೆ, ಅನುಮಾನ, ಮನಸ್ಸಾಕ್ಷಿ ಅಂತೆಲ್ಲ ಜನ ಬರೆಯುವಾಗ ನನಗೆ ಆ ಮಗ್ ನೆನಪಾಗುತ್ತದೆ. ನನ್ನ ಮನಸ್ಸಾಕ್ಷಿ ಆವತ್ತು ಏನೂ ಮಾಡಲಿಲ್ಲ. ತಡೆದದ್ದು ಮಗ್. ಕತ್ತಲಲ್ಲೂ ನೋಡಬಲ್ಲ, ಇವನು ನಮ್ಮವನು ಎಂದು ತಪ್ಪದೆ ಗುರುತಿಸಬಲ್ಲ ಯಂತ್ರ ಆ ಮೂಟೆಗಳ ಹಿಂದೆ ಇದ್ದಿದ್ದರೆ ನಾನು ಮಲಗಿರುತ್ತಿದ್ದೆ, ಅವನು ನೆಮ್ಮದಿಯಾಗಿ ನೀರು ತಂದಿರುತ್ತಿದ್ದ.

ಬೆಳಿಗ್ಗೆ ಪಹರೆ ಮುಗಿದಾಗ ಅದೇ ಮಗ್‌ನಲ್ಲಿ ಮುಖ ತೊಳೆಯಲು ಬಿಸಿನೀರು ತಂದುಕೊಟ್ಟ. ಏನೋ, ಮುಖ ಹೀಗೆ ಬಿಳಿಚಿಕೊಂಡಿದೆ ಅಂದ. ನಿದ್ದೆ ಇಲ್ಲ ಅಂದೆ. ಈಗಲೂ ವರ್ಷಕ್ಕೊಮ್ಮೆ ಫೋನ್ ಮಾಡುತ್ತಾನೆ. ಇನ್ನೂ ಹೇಳಿಲ್ಲ.