ಮಗಳು ಒಳಗೆ, ಅಪ್ಪ ಹೊರಗೆ

ಇವತ್ತು ಕೌನ್ಸೆಲರ್ ಕೋಣೆಯ ಹೊರಗೆ ಒಬ್ಬ ಅಪ್ಪನನ್ನು ನೋಡಿದೆ. 'ನೀವೂ ಬನ್ನಿ ಸರ್' ಅಂತ ಒಳಗಿಂದ ಕರೆದರು. 'ನಾನ್ಯಾಕೆ? ಪ್ರಾಬ್ಲಂ ಇರೋದು ಅವಳಿಗೆ' ಅಂದು ಮೊಬೈಲ್ ತೆಗೆದರು. ಮಗಳು ಪಕ್ಕದಲ್ಲೇ ನಿಂತು ಬ್ಯಾಗಿನ ಜಿಪ್ ಎಳೆಯುತ್ತಿದ್ದಳು. ಹತ್ತು ವರ್ಷ ಇರಬಹುದು ಅಷ್ಟೇ.

ಸ್ಕೂಟರ್ ಸರ್ವಿಸ್‌ಗೆ ಬಿಟ್ಟ ಹಾಗೆ ಮಗುವನ್ನು ಬಿಡುತ್ತಾರಲ್ಲ, ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಅಕ್ಕನ ಮಗನನ್ನೂ ಇಂಥದೇ ಕೋಣೆಗೆ ಕರೆದುಕೊಂಡು ಹೋದವರು ನಾವು. ಸಿಟ್ಟು ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಮಕ್ಕಳ ಖಿನ್ನತೆ ಅಂದರೆ ಮೂಲೆಯಲ್ಲಿ ಕೂತು ಅಳೋದು ಅಂತಲೇ ಜಾಸ್ತಿ ಜನ ತಿಳಿದಿದ್ದಾರೆ. ಎಷ್ಟೋ ಮಕ್ಕಳಲ್ಲಿ ಅದು ಸಿಡುಕಾಗಿ ಬರುತ್ತದೆ. ಬಾಗಿಲು ದಡಾರ್ ಅಂತ ಹಾಕುವುದು, ತಟ್ಟೆ ತಳ್ಳುವುದು. ಮನೆಯವರು ಕೊಬ್ಬು ಅಂತ ಬೈಯುತ್ತಾರೆ, ಮಗು ಇನ್ನಷ್ಟು ಸಿಡುಕುತ್ತದೆ. ವಾರಕ್ಕೊಂದು ಗಂಟೆ ಒಳಗೆ ಮಾತಾಡಿ ಬಂದು ಮತ್ತೆ ಇರಬೇಕಾದದ್ದು ಅದೇ ಮನೆಯಲ್ಲಿ ತಾನೇ? ಮಾತ್ರೆ ನುಂಗಿತಾ, ರಾತ್ರಿ ನಿದ್ದೆ ಮಾಡಿತಾ, ನಿದ್ದೆಯೇ ಬೇಡ ಅಂತ ಎರಡು ದಿನದಿಂದ ಕುಣಿಯುತ್ತಿದೆಯಾ, ಇದನ್ನೆಲ್ಲ ನೋಡುವವರು ಯಾರು? ಕೌನ್ಸೆಲರ್ರಾ?

ಅಮೆರಿಕದಲ್ಲಿ ಮಕ್ಕಳ ಮನೋವೈದ್ಯೆ ಜೋನ್ ಲೂಬಿ ಅವರ ತಂಡ 3ರಿಂದ 6 ವರ್ಷದ, ಖಿನ್ನತೆ ಇದ್ದ 229 ಮಕ್ಕಳ ಮೇಲೆ ನಡೆಸಿದ ಅಧ್ಯಯನ 2018ರಲ್ಲಿ ಬಂತು. ಅಲ್ಲಿ ವ್ಯವಸ್ಥೆಯೇ ಉಲ್ಟಾ. ಕೋಣೆಯೊಳಗೆ ಮಗುವಿನ ಜೊತೆ ಇದ್ದದ್ದು ಅಪ್ಪ ಅಥವಾ ಅಮ್ಮ. ಚಿಕಿತ್ಸಕರು ಹೊರಗೆ! ಅಲ್ಲಿಂದಲೇ ನೋಡುತ್ತಾ, 'ಈಗ ಹೀಗೆ ಹೇಳಿ ನೋಡಿ' ಅಂತ ಇಯರ್‌ಫೋನಿನಲ್ಲಿ ಕಲಿಸುತ್ತಿದ್ದರು. 18 ವಾರದಲ್ಲಿ, ಚಿಕಿತ್ಸೆಯ ಸರದಿಗೆ ಇನ್ನೂ ಕಾಯುತ್ತಿದ್ದ ಮಕ್ಕಳಿಗಿಂತ ಚಿಕಿತ್ಸೆ ಪಡೆದ ಮಕ್ಕಳ ಖಿನ್ನತೆ ತುಂಬಾ ಇಳಿದಿತ್ತು. ಅಪ್ಪ-ಅಮ್ಮಂದಿರ ಒತ್ತಡವೂ ಕಡಿಮೆಯಾಗಿತ್ತು.

'ಹಾಗಾದ್ರೆ ತಪ್ಪೆಲ್ಲ ಹೆತ್ತವರದ್ದೇ?' ಅಂತ ಈಗ ಯಾರಾದರೂ ಬಂದೇ ಬರುತ್ತೀರಿ. ಯಾರಪ್ಪಾ ಹಾಗಂದಿದ್ದು? ಡಯಾಬಿಟಿಸ್ ಇರುವ ಮಗುವಿಗೆ ಇನ್ಸುಲಿನ್ ಚುಚ್ಚುವುದನ್ನು ಕಲಿಯಿರಿ ಅಂದರೆ ಯಾರೂ ಬೇಜಾರಾಗುವುದಿಲ್ಲ, ಅಲ್ವಾ? ಮನೆಯಲ್ಲೇ ಹೊಡೆತ ಬೀಳುತ್ತಿದ್ದರೆ ಮಾತು ಬೇರೆ, ಅಲ್ಲಿ ಮಗು ಒಂಟಿಯಾಗಿಯೇ ಮಾತಾಡಬೇಕು. ಹದಿಹರೆಯದವರಿಗೂ ಬಾಗಿಲು ಹಾಕಿಕೊಂಡು ಮಾತಾಡುವಷ್ಟು ಜಾಗ ಬೇಕು. ಒಪ್ಪಿದೆ. ಆದರೆ ಹೊರಗೆ ಕೂತು ರೀಲ್ಸ್ ನೋಡುವವರು ಮಗುವಿನ ಗುಟ್ಟು ಕಾಪಾಡಲು ಕೂತಿರುವುದಿಲ್ಲ.

ನಿಜ ಹೇಳುತ್ತೇನೆ, ಒಳಗೆ ಕೂರುವುದು ಸುಲಭವಲ್ಲ. ಮನೆಯಲ್ಲಿ ಯಾರ ದನಿ ಕೇಳಿದರೆ ಭಯ ಅಂತ ಅಕ್ಕನ ಮಗ ಒಬ್ಬೊಬ್ಬರ ಹೆಸರು ಹೇಳುತ್ತಾ ಹೋದಾಗ, ಮುಂದಿನದು 'ಚಿಕ್ಕಮ್ಮ' ಅಂದರೆ ಏನಪ್ಪಾ ಗತಿ ಅಂತ ನನ್ನ ಎದೆ ಢವಢವ. ಭಾವ ಕರ್ಚೀಫಿನಲ್ಲಿ ಮುಖ ಒರೆಸಿದ್ದೇ ಒರೆಸಿದ್ದು.

ಡಾಕ್ಟರ್‌ಗಳೇ, ನೀವೂ ಸುಮ್ನೆ ಬಿಡಬೇಡಿ. 'ಬಿಡುವಿದ್ದರೆ ಬನ್ನಿ' ಅಂತ ಮನೆಯವರಿಗೆ ನಯವಾಗಿ ಹೇಳಿದರೆ ಯಾರಿಗೂ ಬಿಡುವಿರುವುದಿಲ್ಲ. ಮಗುವಿನ ಅಪಾಯಿಂಟ್‌ಮೆಂಟ್ ಬರೆಯುವಾಗಲೇ ಅವರ ಹೆಸರನ್ನೂ ಬರೆದುಬಿಡಿ.