ಮಿಸ್ ಸೋಫಿ ಇಟ್ಟ ಎಡೆ

ಡಿಸೆಂಬರ್ 31ರ ಸಂಜೆ ಜರ್ಮನಿಯಲ್ಲಿ ಯಾರ ಮನೆಗೆ ಹೋದರೂ ಟಿವಿಯಲ್ಲಿ ಒಬ್ಬ ಮುದುಕ ನೆಲಕ್ಕೆ ಹಾಸಿದ ಹುಲಿಚರ್ಮದ ತಲೆಗೆ ಕಾಲು ತಗುಲಿಸಿಕೊಂಡು ಮುಗ್ಗರಿಸುತ್ತಿರುತ್ತಾನೆ. ಇಲ್ಲಿಗೆ ಬಂದ ಮೊದಲ ವರ್ಷ ಪಕ್ಕದ ಮನೆಯವರು ಕರೆದು ಕೂರಿಸಿ ತೋರಿಸಿದರು. ಕಪ್ಪು ಬಿಳುಪು, ಅದೂ ಇಂಗ್ಲಿಷ್! ಹೊರಗಿನ ಸಿನಿಮಾನೆಲ್ಲ ಡಬ್ ಮಾಡಿಕೊಂಡು ನೋಡುವ ಈ ಜನ ಇದನ್ನು ಮಾತ್ರ ಇಂಗ್ಲಿಷ್‌ನಲ್ಲೇ ನೋಡಿ ಬಿದ್ದು ಬಿದ್ದು ನಗುತ್ತಾರೆ. ನನಗೆ ನಗು ಬರಲಿಲ್ಲ. ಮರ್ಯಾದೆಗೆ ಹಲ್ಲು ಕಿರಿದೆ.

ಸ್ಕಿಟ್ ಹೆಸರು ‘ಡಿನ್ನರ್ ಫಾರ್ ಒನ್’. ಮಿಸ್ ಸೋಫಿಗೆ 90ನೇ ಹುಟ್ಟುಹಬ್ಬ. ನಾಲ್ವರು ಗೆಳೆಯರನ್ನು ಊಟಕ್ಕೆ ಕರೆದಿದ್ದಾಳೆ. ನಾಲ್ವರೂ ಸತ್ತು ಎಷ್ಟೋ ಕಾಲವಾಗಿದೆ. ಆ ಮುಗ್ಗರಿಸುವ ಮುದುಕ, ಬಟ್ಲರ್ ಜೇಮ್ಸ್, ಖಾಲಿ ಕುರ್ಚಿಗಳ ಮುಂದೆ ಲೋಟ ತುಂಬಿಸಿ, ಅವರ ಪರವಾಗಿ ತಾನೇ ಕುಡಿಯಬೇಕು. ಸೂಪಿಗೆ ಶೆರಿ, ಮೀನಿಗೆ ವೈಟ್ ವೈನ್, ಕೋಳಿಗೆ ಶಾಂಪೇನ್, ಹಣ್ಣಿಗೆ ಪೋರ್ಟ್. ನಾಲ್ಕು ನಾಲ್ಕಲೆ ಎಷ್ಟು, ಲೆಕ್ಕ ಹಾಕಿ. (ಆ ಸೂಪ್ ಯಾವುದು ಗೊತ್ತಾ? ಮಲ್ಲಿಗಟಾನಿ. ತಮಿಳರ ಮಿಳಗು ತಣ್ಣಿ, ನಮ್ಮ ಮೆಣಸಿನ ಸಾರಿನ ನೆಂಟ.)

ಇಂಗ್ಲೆಂಡಿನ ಫ್ರೆಡ್ಡಿ ಫ್ರಿಂಟನ್ ಮತ್ತು ಮೇ ವಾರ್ಡನ್ ಇದನ್ನು 1963ರಲ್ಲಿ ಹ್ಯಾಂಬರ್ಗ್‌ನಲ್ಲಿ ಟಿವಿಗಾಗಿ ಆಡಿದರು. ವರ್ಷದ ಕೊನೆಯ ದಿನ ತೋರಿಸುವ ರೂಢಿ ಶುರುವಾಗಿದ್ದು 1972ರಲ್ಲಿ. ಅಷ್ಟರಲ್ಲಿ ಫ್ರಿಂಟನ್ ತೀರಿಹೋಗಿ ನಾಲ್ಕು ವರ್ಷ. ಅವರ ಸ್ವಂತ ದೇಶದ ಟಿವಿಯಲ್ಲಿ ಇದು ಬಂದಿದ್ದೇ 2018ರಲ್ಲಿ! ಸ್ವೀಡನ್ ಟಿವಿಯವರು ಕುಡಿತ ಜಾಸ್ತಿ ಆಯ್ತು ಅಂತ ಕೆಲವು ವರ್ಷ ಪಕ್ಕಕ್ಕೆ ಇಟ್ಟಿದ್ದರಂತೆ. ಈಗ ಅಲ್ಲೂ ಇದಿಲ್ಲದೆ ವರ್ಷ ಮುಗಿಯುವುದಿಲ್ಲ.

ಗೊತ್ತಿರುವ ಜೋಕಿಗೆ ನಗು ಬರುವುದಿಲ್ಲ ಅಂತಾರಲ್ಲ, ನಾನು ಒಪ್ಪುವುದಿಲ್ಲ. ಮೂರನೇ ವರ್ಷದ ಹೊತ್ತಿಗೆ ಜೇಮ್ಸ್ ಹುಲಿಯ ಹತ್ತಿರ ಬರುವ ಮೊದಲೇ ನನಗೆ ನಗು ಶುರುವಾಗುತ್ತಿತ್ತು. ಒಂದು ಸಲ ಅವನು ಎಡವದೇ ದಾಟಿಬಿಡುತ್ತಾನೆ. ಎಡವಲಿಲ್ಲವಲ್ಲ ಅಂತ ಅವನಿಗೇ ಆಶ್ಚರ್ಯ. ಆ ನಗು ಮೊದಲ ಸಲ ನೋಡುವವರಿಗೆ ಅರ್ಧವೂ ದಕ್ಕುವುದಿಲ್ಲ.

ಆಮೇಲೆ ಒಂದು ವರ್ಷ ಅಮ್ಮ ಬಂದಿದ್ದರು, ಮಂಡ್ಯ ಕಡೆಯ ನಮ್ಮ ಹಳ್ಳಿಯಿಂದ. ಇಂಗ್ಲಿಷ್ ಬರುವುದಿಲ್ಲ, ಜರ್ಮನ್ ಕೇಳಲೇಬೇಡಿ. ಐದು ನಿಮಿಷ ನೋಡಿ ಅಂದರು: ‘ಎಡೆ ಮಡಗವ್ಳೆ ಕಣೋ, ಪಾಪ.’

ನಾನು ನಗುವುದನ್ನು ನಿಲ್ಲಿಸಿದೆ. ಹೌದಲ್ವಾ! ಪಿತೃಪಕ್ಷದಲ್ಲಿ ತಾತನ ಎಡೆಗೆ ನಾವು ಮುದ್ದೆ, ಬಾಡಿನ ಸಾರು, ಕಜ್ಜಾಯ, ಬೀಡಿ ಕಟ್ಟು, ಜೊತೆಗೊಂದು ಕ್ವಾರ್ಟರ್ ಇಡುತ್ತೇವೆ. ಬಾಗಿಲು ಮುಂದೆ ಮಾಡಿ ಹೊರಗೆ ನಿಲ್ಲುತ್ತೇವೆ. ಒಳಗೆ ಬಂದ ಮೇಲೆ ಆ ಕ್ವಾರ್ಟರ್ ಯಾರ ಪಾಲು? ಚಿಕ್ಕಪ್ಪನದು. ‘ಅಪ್ಪನ ಪ್ರಸಾದ ಕಣ್ರೋ’ ಅಂತ ಒಂದೇ ಗುಟುಕಿಗೆ ಮುಗಿಸುತ್ತಿದ್ದರು. ನಮ್ಮ ಮನೆಯಲ್ಲೇ ಒಬ್ಬ ಜೇಮ್ಸ್ ಇದ್ದ, ನನಗೆ ಹೊಳೆದಿರಲಿಲ್ಲ ಅಷ್ಟೆ.

ಅಂದಿನಿಂದ ನನ್ನ ಕಣ್ಣು ಹುಲಿಗಿಂತ ಜಾಸ್ತಿ ಖಾಲಿ ಕುರ್ಚಿಗಳ ಮೇಲೆ. ಈಗಿನ ಹುಡುಗರು ಬೇರೆಯದನ್ನೇ ನೋಡುತ್ತಾರೆ. ಆಫೀಸಿನ ಒಬ್ಬ ಹುಡುಗಿ ಕೇಳಿದಳು, ಯಜಮಾನಿ ಹೇಳಿದಳು ಅಂತ ಆ ಮುದುಕ ಅಷ್ಟು ಕುಡಿಯಬೇಕಲ್ಲ, ಅದರಲ್ಲಿ ನಗುವುದೇನಿದೆ ಅಂತ. ಅವಳ ಮಾತು ತಳ್ಳಿಹಾಕುವಂಥದ್ದಲ್ಲ. ಸತ್ತ ಆ ನಾಲ್ವರಲ್ಲಿ ಒಬ್ಬನಾದ ಅಡ್ಮಿರಲ್ ಹೆಸರಲ್ಲಿ ಹಿಮ್ಮಡಿ ಬಡಿಯುವಾಗ ಜೇಮ್ಸ್‌ಗೆ ಕಾಲು ನೋಯುತ್ತದೆ. ಈ ವರ್ಷವೂ ಮಾಡಲೇಬೇಕಾ ಅಂತ ಕೇಳುತ್ತಾನೆ. ನನಗೋಸ್ಕರ ಮಾಡು ಅನ್ನುತ್ತಾಳೆ ಸೋಫಿ. ಅದರಲ್ಲಿ ದರ್ಪ ಎಷ್ಟು, ಸಲಿಗೆ ಎಷ್ಟು? ನನಗೆ ಸಲಿಗೆಯೇ ಜಾಸ್ತಿ ಕಾಣುತ್ತದೆ. ಆದರೆ ನಾನು ಯಾರ ಮನೆಯಲ್ಲೂ ಬಟ್ಲರ್ ಆಗಿದ್ದವನಲ್ಲ.

ಕಳೆದ ಪಿತೃಪಕ್ಷಕ್ಕೆ ಅಮ್ಮನಿಗೆ ಫೋನ್ ಮಾಡಿದ್ದೆ. ಚಿಕ್ಕಪ್ಪನಿಗೆ ಡಾಕ್ಟರ್ ಕುಡಿತ ಬಿಡಿಸಿದ್ದಾರೆ. ಎಡೆಯ ಕ್ವಾರ್ಟರ್ ಹಾಗೇ ಉಳಿದಿದೆಯಂತೆ.

‘ಬರೋ ವರ್ಷ ನಿಮ್ಮೂರಿನ ಆ ಮುದುಕನ್ನ ಕರ್ಕೊಂಡು ಬಾ’ ಅಂದರು.