ಕನ್ನಡ ಸುತ್ತೋಲೆ ಟೈಪ್ ಮಾಡೋರಲ್ಲಿ ಒಂದು ಮನವಿ

ಕಣ್ಣು ಕಾಣದೇ ಇರೋರಿಗೆ ಸಹಾಯ ಮಾಡೋ ಸಾಧನ ಅಂದ್ರೆ ಬಿಳಿ ಕೋಲು, ಬ್ರೈಲ್ ಪುಸ್ತಕ ಅಷ್ಟೇ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಈಗ ಅವರ ಕೈಲಿ ಬೆಳಗ್ಗೆಯಿಂದ ರಾತ್ರಿವರೆಗೂ ಇರೋದು ಮೊಬೈಲು. ಪರದೆ ಮೇಲೆ ಇರೋದನ್ನ ಗಟ್ಟಿಯಾಗಿ ಓದಿ ಹೇಳೋ ಸಾಫ್ಟ್‌ವೇರ್ ಇರುತ್ತೆ, ಅದಕ್ಕೆ ಸ್ಕ್ರೀನ್ ರೀಡರ್ ಅಂತಾರೆ: ಆಂಡ್ರಾಯ್ಡಲ್ಲಿ ಟಾಕ್‌ಬ್ಯಾಕ್, ಐಫೋನಲ್ಲಿ ವಾಯ್ಸ್‌ಓವರ್, ಕಂಪ್ಯೂಟರಿಗೆ ಎನ್‌ವಿಡಿಎ. ಈ ಎನ್‌ವಿಡಿಎ ಶುರು ಮಾಡಿದ್ದು 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್, ಅವರಿಗೂ ಕಣ್ಣು ಕಾಣಲ್ಲ, ದುಡ್ಡು ಕೊಟ್ಟು ತಗೊಳ್ಳೋ ಸ್ಕ್ರೀನ್ ರೀಡರ್‌ಗಳು ದುಬಾರಿ ಅಂತ ಇದನ್ನ ಪೂರ್ತಿ ಫ್ರೀ ಕೊಟ್ರು, ಕನ್ನಡಾನೂ ಓದುತ್ತೆ.

ನನಗೆ ಪರಿಚಯದ ಮೇಷ್ಟ್ರೊಬ್ರು ಇದ್ದಾರೆ, ಹುಟ್ಟಿನಿಂದ್ಲೂ ದೃಷ್ಟಿ ಇಲ್ಲ. ಅವರು ಫೋನ್ ಓದಿಸ್ಕೊಳ್ಳೋ ಸ್ಪೀಡು ನೋಡ್ಬೇಕು ನೀವು, ನಮ್ಮ ಕಿವಿಗೆ ಬರೀ ಚರಚರ ಅನ್ಸುತ್ತೆ, ಅಷ್ಟರಲ್ಲಿ ಅವರು ಮೆಸೇಜ್ ಪೂರ್ತಿ ಕೇಳಿ ರಿಪ್ಲೈನೂ ಹಾಕಿರ್ತಾರೆ. ಇಂಥವರೂ ಒಂದು ಕಡೆ ನಿಂತುಬಿಡ್ತಾರೆ, ಆಫೀಸಿಂದ ಬರೋ ಕನ್ನಡ ಸುತ್ತೋಲೆ ಹತ್ರ.

ಯಾಕಂದ್ರೆ ಅದು ನುಡಿ ಅಥವಾ ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟಲ್ಲಿ ಟೈಪ್ ಆಗಿರುತ್ತೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಬರೀತವೆ ಅಷ್ಟೇ, ನೋಡೋರಿಗೆ ‘ಕನ್ನಡ’ ಅಂತ ಕಾಣುತ್ತೆ, ಫೈಲ್ ಒಳಗಡೆ ಇರೋದು ಪಿ, ಅದರ ಪಕ್ಕ ತಲೆ ಮೇಲೆ ಗೀಟಿರೋ ಎ, ಆಮೇಲೆ ಬ್ರಿಟಿಷ್ ಪೌಂಡ್ ಗುರುತು! ಸ್ಕ್ರೀನ್ ರೀಡರ್ ಪಾಪ ಇರೋದನ್ನೇ ಓದುತ್ತೆ. ಇಂಗ್ಲಿಷ್ ಆರ್ಡರ್ ಬಂದ್ರೆ ಸಲೀಸಾಗಿ ಓದ್ಕೋತಾರೆ, ಕನ್ನಡದ್ದು ಬಂದ್ರೆ ಮಾತ್ರ ಪಕ್ಕದವರನ್ನ ಕರೀಬೇಕು. ಕನ್ನಡ ಪಾಠ ಮಾಡೋ ಮನುಷ್ಯನಿಗೆ ಈ ಗತಿ ಅಂದ್ರೆ ನನಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ.

ಸ್ಕ್ಯಾನ್ ಮಾಡಿದ ಪಿಡಿಎಫ್ ಇನ್ನೂ ಕಷ್ಟ, ಅದು ಬರೀ ಫೋಟೋ. ಅದನ್ನ ಅಕ್ಷರ ಮಾಡೋ ಆಪ್‌ಗಳಿವೆ, ಆದ್ರೆ ಒತ್ತಕ್ಷರ ತಪ್ಪುತ್ತೆ, ಟೇಬಲ್ ಇದ್ರಂತೂ ಯಾವ ಹೆಸರಿಗೆ ಯಾವ ದಿನಾಂಕ ಅಂತಾನೇ ಗೊತ್ತಾಗಲ್ಲ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲೇ ಮಾಹಿತಿ ಅವರಿಗೆ ಬಳಸೋಕೆ ಆಗೋ ರೂಪದಲ್ಲಿ ಸಿಗಬೇಕು ಅಂತ ಇದೆ. ಇದಕ್ಕೆ ಹೊಸ ಮಷೀನೂ ಬೇಡ, ಟೆಂಡರೂ ಬೇಡ. ಕನ್ನಡ ಅಕ್ಷರವನ್ನ ಕನ್ನಡ ಅಕ್ಷರವಾಗೇ ಫೈಲಲ್ಲಿ ಉಳಿಸೋ ಪದ್ಧತಿಗೆ ಯುನಿಕೋಡ್ ಅಂತಾರೆ. ನುಡಿ, ಬರಹ ಎರಡರಲ್ಲೂ ಅದು ಬಂದು ಎಷ್ಟೋ ವರ್ಷ ಆಯ್ತು, ಕೀಲಿ ಒತ್ತೋ ಅಭ್ಯಾಸಾನೂ ಬದಲಾಯಿಸ್ಬೇಕಿಲ್ಲ, ಸೆಟ್ಟಿಂಗ್ ಒಂದು ಬದಲಾಯಿಸಿದ್ರೆ ಸಾಕು. ಹಳೇ ಫೈಲ್‌ಗಳನ್ನ ಯುನಿಕೋಡ್ ಮಾಡೋ ಕನ್ವರ್ಟರ್ ಫ್ರೀಯಾಗೇ ಸಿಗುತ್ತೆ.

ಆಫೀಸ್ನೋರಿಗಷ್ಟೇ ಅಲ್ಲ, ಸಂಘದ ಮೀಟಿಂಗು, ಮದುವೆ, ತಿಥಿ ಎಲ್ಲಾನೂ ಬರೀ ಪೋಸ್ಟರ್ ಮಾಡಿ ಗ್ರೂಪಿಗೆ ಹಾಕೋ ನಮಗೂ ಇದೇ ಮಾತು. ಸಹಿ ಸೀಲು ಇರೋ ಕಾಪಿನೇ ಬೇಕು, ಚಂದದ ಪೋಸ್ಟರೇ ಬೇಕು ಅಂದ್ರೆ ಧಾರಾಳವಾಗಿ ಹಾಕಿ, ಅದರ ಕೆಳಗೇ ದಿನ, ಟೈಮು, ಜಾಗ ಅಂತ ನಾಲ್ಕು ಸಾಲು ಟೈಪ್ ಮಾಡಿಬಿಡಿ.